ಅಮ್ಮ ಹೆಣೆದ ಸ್ವೆಟರಿಗೆ ಶಾಲೆಯಲ್ಲಿ ಜಾಗವಿಲ್ಲವೇ?

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮಲೆನಾಡಿನ ಊರುಗಳಲ್ಲಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತವೆ. ಒಂದು, ಮಳೆಗಾಲಕ್ಕೆಂದು ಮನೆಮನೆಯಲ್ಲೂ ಸೌದೆ ಒಳಗೆ ಸೇರುತ್ತದೆ. ಇನ್ನೊಂದು, ಖಾಸಗಿ ಶಾಲೆಗಳಿಂದ ಪೋಷಕರಿಗೆ ಸುತ್ತೋಲೆ ಬರುತ್ತದೆ. ಹಿಂದೆ ಕಾಗದದಲ್ಲಿ ಬರುತ್ತಿದ್ದದ್ದು ಈಗ ಮೊಬೈಲಿಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಶುಲ್ಕ ಎಷ್ಟು, ಪುಸ್ತಕ ಎಲ್ಲಿ, ಬೂಟಿನ ಬಣ್ಣ ಯಾವುದು ಎಂದೆಲ್ಲ ಹೇಳಿದ ಮೇಲೆ ಕೊನೆಗೊಂದು ಸಾಲು ಇರುತ್ತದೆ: ಸ್ವೆಟರನ್ನು ಶಾಲೆಯ ಲಾಂಛನ ಸಹಿತ ಇಂಥ ಅಂಗಡಿಯಿಂದಲೇ ಖರೀದಿಸತಕ್ಕದ್ದು, ಬೇರೆ ಸ್ವೆಟರಿಗೆ ಅವಕಾಶವಿಲ್ಲ. ನನ್ನ ಜಗಳ ಈ ಒಂದು ಸಾಲಿನ ಮೇಲೆ. ಅದು ಕಾನೂನಿಗೂ ಒಪ್ಪದ ಮಾತು, ಶಾಲೆ ಎಂಬ ಹೆಸರಿಗೂ ಒಪ್ಪದ ಮಾತು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಯಲುಸೀಮೆಯ ಓದುಗರಿಗೆ ಇದು ಅತಿಯಾಯಿತು ಅನ್ನಿಸಬಹುದು. ಒಂದು ಸ್ವೆಟರಿಗೆ ಇಷ್ಟು ರಾದ್ಧಾಂತವೇ ಎಂದು ಕೇಳಬಹುದು. ನಿಮಗೆ ಸ್ವೆಟರ್ ಎಂದರೆ ಡಿಸೆಂಬರ್, ಜನವರಿಯ ಮಾತು. ನಮಗೆ ಶಾಲೆ ಬಾಗಿಲು ತೆರೆಯುವ ಜೂನಿನಿಂದಲೇ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಬೀಳುವುದು ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ, ಅಂದರೆ ಮಕ್ಕಳು ಕೊಡೆ ಹಿಡಿದು ಶಾಲೆಗೆ ನಡೆಯುವ ದಿನಗಳಲ್ಲಿ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಮಕ್ಕಳ ಬಟ್ಟೆ ಹರವಿ ಒಣಗಿಸಿದ ತಾಯಂದಿರು ಈ ಮಾತನ್ನು ಬಲ್ಲರು. ಇಲ್ಲಿ ಒಂದು ಮಗುವಿಗೆ ಒಂದೇ ಸ್ವೆಟರ್ ಸಾಲದು. ಎರಡಾದರೂ ಬೇಕು.

ನಾನು ಮೂವತ್ತು ವರ್ಷದಿಂದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದೇನೆ. ನನ್ನ ಇಬ್ಬರು ಮಕ್ಕಳು ಹತ್ತನೆಯ ತರಗತಿ ಮುಗಿಸುವವರೆಗೆ ಹಾಕಿಕೊಂಡ ಸ್ವೆಟರುಗಳೆಲ್ಲ ನನ್ನ ಕೈಯವೇ. ದೊಡ್ಡವನದು ಚಿಕ್ಕವಳಿಗೆ ಬಂತು. ತೋಳು ಗಿಡ್ಡವಾದಾಗ ಮುಂಗೈಯ ಬಾರ್ಡರ್ ಬಿಚ್ಚಿ, ಕುಣಿಕೆಗಳನ್ನು ಕಡ್ಡಿಗೆ ತೆಗೆದುಕೊಂಡು ಎರಡು ಅಂಗುಲ ಇಳಿಸಿದೆ. ಇನ್ನೂ ಗಿಡ್ಡವಾದಾಗ ಇಡೀ ಸ್ವೆಟರನ್ನೇ ಬಿಚ್ಚಿ, ದಾರವನ್ನು ಲಡಿ ಮಾಡಿ, ಒಗೆದು, ತೂಗುಹಾಕಿ ಸುಕ್ಕು ಬಿಡಿಸಿ ಮತ್ತೆ ಹೆಣೆದೆ. ಬಟ್ಟೆಯನ್ನು ಕತ್ತರಿಸಿ ಅಂಚು ಹೊಲಿದು ಮಾಡಿದ ಕಾರ್ಖಾನೆಯ ಅಗ್ಗದ ಸ್ವೆಟರನ್ನು ಹೀಗೆ ಬಿಚ್ಚಲು ಬರುವುದಿಲ್ಲ. ಕತ್ತರಿ ಬಿದ್ದ ಕಡೆಯಲ್ಲೆಲ್ಲ ಎಳೆ ತುಂಡಾಗಿ ಕೈಗೆ ಬರುತ್ತದೆ. ಅದು ಗಿಡ್ಡವಾದರೆ ನೆಲ ಒರೆಸುವ ಬಟ್ಟೆಯಾಗಬೇಕು, ಇಲ್ಲವೇ ಇನ್ನೊಬ್ಬರ ಮನೆಗೆ ಹೋಗಬೇಕು.

ಇಷ್ಟಾದರೂ ನಾನು ಈ ಜಗಳಕ್ಕೆ ಇಳಿದದ್ದು ನನ್ನ ಮಕ್ಕಳ ಕಾರಣಕ್ಕಲ್ಲ. ಅವರ ಕಾಲಕ್ಕೆ ಬಣ್ಣ ಸರಿಯಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಕಳೆದ ವರ್ಷ ಜುಲೈಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಜೆ ಮನೆಗೆ ಬಂದಳು. ಎಂಟನೆಯ ತರಗತಿಯಲ್ಲಿ ಕಡ್ಡಿ ಹಿಡಿಯುವುದನ್ನು ನಮ್ಮ ಶಾಲೆಯಲ್ಲೇ ಕಲಿತವಳು. ಈಗ ಅವಳ ಮಗ ಊರಿನ ಒಂದು ಖಾಸಗಿ ಶಾಲೆಯಲ್ಲಿ ಮೂರನೆಯ ತರಗತಿ. ಬೇಸಗೆ ರಜೆಯಲ್ಲಿ ಅವನಿಗೆಂದು ಕಡುನೀಲಿ ಉಲ್ಲನ್ ತಂದು, ಶಾಲೆಯ ಮಾದರಿಯಂತೆಯೇ ವಿ ಆಕಾರದ ಕುತ್ತಿಗೆ ಇಟ್ಟು ತುಂಬುತೋಳಿನ ಸ್ವೆಟರ್ ಹೆಣೆದಿದ್ದಳು. ಪ್ರಾರ್ಥನೆಗೆ ನಿಂತಾಗ ಹುಡುಗನನ್ನು ಸಾಲಿನಿಂದ ಹೊರಗೆ ಕರೆದು, ಸ್ವೆಟರ್ ಬಿಚ್ಚಿಸಿ ಚೀಲದಲ್ಲಿ ಇಡಿಸಿದರಂತೆ. ಅವನು ದಿನವಿಡೀ ಅರ್ಧತೋಳಿನ ಅಂಗಿಯಲ್ಲಿ ಕುಳಿತು ಮನೆಗೆ ಬಂದ.

"ಟೀಚರ್, ಬಣ್ಣ ನೋಡಿ, ಒಂದು ಎಳೆ ಹೆಚ್ಚುಕಡಿಮೆ ಇದೆಯಾ ಹೇಳಿ" ಎಂದು ಸ್ವೆಟರನ್ನು ನನ್ನ ಕೈಗೆ ಕೊಟ್ಟಳು. ಬಣ್ಣ ಸರಿಯಾಗಿಯೇ ಇತ್ತು. ಹೆಣಿಗೆಯಂತೂ ನನ್ನದಕ್ಕಿಂತ ಚೆನ್ನಾಗಿತ್ತು. ಅಂಗಡಿಯ ಸ್ವೆಟರಿಗೆ 750 ರೂಪಾಯಿ. ಅವಳಿಗೆ ದಾರಕ್ಕೆ ಬಿದ್ದದ್ದು 350 ರೂಪಾಯಿಯ ಒಳಗೆ. ಗಂಡ ಆಟೋ ಓಡಿಸುತ್ತಾನೆ, ಚಿಕ್ಕ ಮಗಳೊಬ್ಬಳು ಯುಕೆಜಿಯಲ್ಲಿದ್ದಾಳೆ. ಇಬ್ಬರಿಗೆ ಎರಡೆರಡು ಎಂದು ಲೆಕ್ಕ ಹಾಕಿ ನೋಡಿ.

ಮರುದಿನ ಅವಳ ಜೊತೆ ನಾನೂ ಆ ಶಾಲೆಗೆ ಹೋದೆ. ಮುಖ್ಯಸ್ಥರು ಕೂರಿಸಿ, ಕಾಫಿ ತರಿಸಿ ಮರ್ಯಾದೆಯಿಂದಲೇ ಮಾತಾಡಿದರು. "ಮೇಡಂ, ನೀವೂ ಟೀಚರೇ. ನಿಮಗೆ ಹೇಳಬೇಕಾದ್ದೇನಿದೆ? ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ" ಎಂದರು. "ಕೇಳಲಿ ಬಿಡಿ, ಅದರಿಂದ ಕೆಡುವುದೇನು?" ಎಂದೆ. ಅದಕ್ಕೆ ಅವರು ಮೂರು ಕಾರಣ ಕೊಟ್ಟರು. ಕೊನೆಗೆ, ಈ ವರ್ಷಕ್ಕೆ ಮಾತ್ರ ಪರವಾಗಿಲ್ಲ ಎಂದು ನನ್ನ ಮುಖ ನೋಡಿ ಒಪ್ಪಿದರು. ಒಬ್ಬ ಹುಡುಗನಿಗೆ ಒಂದು ವರ್ಷದ ರಿಯಾಯಿತಿ ಸಿಕ್ಕಿತು, ಸುತ್ತೋಲೆಯ ಸಾಲು ಹಾಗೆಯೇ ಉಳಿಯಿತು. ಅವರ ಮೂರು ಕಾರಣಗಳನ್ನೂ ಆಮೇಲೆ ಬೇರೆ ಬೇರೆ ಕಡೆ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಆದ್ದರಿಂದ ಇಲ್ಲಿ ಉತ್ತರಿಸುವುದು ನ್ಯಾಯ.

ಮೊದಲನೆಯದು ಸಮಾನತೆ. ಸಮವಸ್ತ್ರ ಇರುವುದೇ ಬಡವ, ಬಲ್ಲಿದ ಎಂಬ ಭೇದ ಕಾಣದಿರಲಿ ಎಂದು ಅನ್ನುತ್ತಾರೆ. ಮಾತು ದೊಡ್ಡದು, ನಾನೂ ಒಪ್ಪುತ್ತೇನೆ. ಆದರೆ ಭೇದ ಕಾಣದಿರಲು ಬೇಕಾದದ್ದು ಒಂದೇ ಬಣ್ಣ. ಒಂದೇ ಅಂಗಡಿಯ ರಸೀದಿ ಅದಕ್ಕೆ ಏಕೆ ಬೇಕು? 750 ರೂಪಾಯಿ ಕೊಡಲಾಗದ ಮನೆಯ ಮಗು ಏನು ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಸ್ವೆಟರ್ ಇಲ್ಲದೆ ಬಂದು, ಚಳಿಯೇ ಇಲ್ಲ ಎಂದು ಹೇಳುತ್ತದೆ. ಎಲ್ಲರೂ ನೀಲಿ ತೊಟ್ಟ ತರಗತಿಯಲ್ಲಿ ಅಂಗಿಯೊಂದರಲ್ಲೇ ಕೂತ ಮಗುವಿಗಿಂತ ಎದ್ದು ಕಾಣುವ ಭೇದ ಇನ್ನೊಂದಿದೆಯೇ? ಸರಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಸಿಗುತ್ತದೆ. ಸ್ವೆಟರ್ ಮಾತ್ರ ಮನೆಯವರ ಪಾಲಿನದೇ. ಆ ಶಾಲೆಗಳಲ್ಲಿ ಅಕ್ಕನ ಹಳೆಯದು, ಅಜ್ಜಿ ಹೆಣೆದದ್ದು, ಸಂತೆಯಲ್ಲಿ ಕೊಂಡದ್ದು ಎಲ್ಲ ನಡೆಯುತ್ತದೆ. ಅದರಿಂದ ಅಲ್ಲಿ ಸಮಾನತೆ ಕೆಟ್ಟಿತು ಎಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಎರಡನೆಯದು ಅಚ್ಚುಕಟ್ಟು. ಮನೆಯಲ್ಲಿ ಹೆಣೆದದ್ದು ಓರೆಕೋರೆ ಇರುತ್ತದೆ, ಶಾಲೆಯ ಘನತೆಗೆ ಕುಂದು ಎನ್ನುತ್ತಾರೆ. ಇದನ್ನು ಹೇಳುವವರು ಕಡ್ಡಿ ಹಿಡಿದವರಲ್ಲ. ಎಂಟು ವರ್ಷದ ಹುಡುಗನ ಸ್ವೆಟರ್ ಹೇಗಾಗುತ್ತದೆ ಎಂದು ಕೇಳಿ. ಎದೆಸುತ್ತಳತೆ 26 ಅಂಗುಲ. ಒಳಗೆ ಅಂಗಿ ಇರಬೇಕು, ಮಗು ಬೆಳೆಯಬೇಕು, ಅದಕ್ಕೆ ಎರಡು ಅಂಗುಲ ಸಡಿಲ ಸೇರಿಸಿದರೆ 28. ಹಿಂಭಾಗಕ್ಕೆ ಅದರ ಅರ್ಧ, 14 ಅಂಗುಲ. ಎಂಟನೆಯ ನಂಬರಿನ ಕಡ್ಡಿಯಲ್ಲಿ ನನ್ನ ಕೈಗೆ ಅಂಗುಲಕ್ಕೆ ಐದೂವರೆ ಕುಣಿಕೆ ಬೀಳುತ್ತದೆ. ಹದಿನಾಲ್ಕನ್ನು ಐದೂವರೆಯಿಂದ ಗುಣಿಸಿದರೆ 77. ಹತ್ತನೆಯ ನಂಬರಿನ ಕಡ್ಡಿಯಲ್ಲಿ ಒಂದು ಸೀದಾ, ಒಂದು ಉಲ್ಟಾ ಹಾಕಿ ಎರಡು ಅಂಗುಲ ಬಾರ್ಡರ್ ಹೆಣೆದು ಮೇಲಕ್ಕೆ ಹೋಗಬೇಕು. ಕಂಕುಳಿನಲ್ಲಿ ಎಷ್ಟು ಕಳೆಯಬೇಕು, ಕುತ್ತಿಗೆಗೆ ಎಷ್ಟು ಸಾಲಿಗೊಮ್ಮೆ ಕಳೆಯಬೇಕು, ಎರಡು ತೋಳೂ ಒಂದೇ ಅಳತೆಗೆ ಬರಲು ಸಾಲು ಎಣಿಸುವುದು ಹೇಗೆ, ಎಲ್ಲಕ್ಕೂ ಲೆಕ್ಕವಿದೆ. ಹೈಸ್ಕೂಲಿನಲ್ಲಿ ಮಕ್ಕಳು ಬೆವರುವ ಅನುಪಾತ, ಸಮಾಂತರ ಶ್ರೇಢಿಗಳನ್ನು ಈ ಹೆಂಗಸರು ಹೆಸರು ಗೊತ್ತಿಲ್ಲದೆ ಬೆರಳ ತುದಿಯಲ್ಲಿ ಮಾಡುತ್ತಾರೆ. ಲೆಕ್ಕ ತಪ್ಪಿದರೆ ಸ್ವೆಟರ್ ಮಗುವಿನ ತಲೆಯಲ್ಲೇ ಇಳಿಯುವುದಿಲ್ಲ. ಓರೆಕೋರೆ ಎನ್ನುವವರು ಒಂದು ಬಾರ್ಡರ್ ಹೆಣೆದು ತೋರಿಸಲಿ, ಆಮೇಲೆ ಮಾತಾಡೋಣ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವ ದಾರ ಬಹುಮಟ್ಟಿಗೆ ಅಕ್ರಿಲಿಕ್. ಕುರಿಯ ಮೈಯ ಉಣ್ಣೆ ಅದರಲ್ಲಿ ಇಲ್ಲ, ಇದ್ದರೂ ಅಲ್ಪ. ಒಂದು ತುಂಡು ಎಳೆಯನ್ನು ಜೋಪಾನವಾಗಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ಕಾದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಹೀರಿಯೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಮಳೆನಾಡಿಗೆ ಬೇಕಾದದ್ದೇ ಆ ಗುಣ. ಮನೆಯಲ್ಲಿ ಹೆಣೆಯುವ ತಾಯಿ ಕೈಯಲ್ಲಿ ಹಣವಿದ್ದ ವರ್ಷ ನಿಜವಾದ ಉಣ್ಣೆ ತರಬಹುದು, ಇಲ್ಲದ ವರ್ಷ ಅಕ್ರಿಲಿಕ್ ತರಬಹುದು. ಯಾವ ದಾರ ಎಂದು ಅವಳಿಗಾದರೂ ಗೊತ್ತಿರುತ್ತದೆ. ಅಂಗಡಿಯ ಸ್ವೆಟರಿನಲ್ಲಿ ಲಾಂಛನವೊಂದನ್ನು ಬಿಟ್ಟು ಇನ್ನೇನಿದೆ ಎಂದು ಕೇಳಿದರೆ, ಮಾರುವವನಿಗೂ ಹಲವು ಸಲ ತಿಳಿದಿರುವುದಿಲ್ಲ.

ಮೂರನೆಯದು ಶಿಸ್ತು. ನಿಯಮ ಎಂದ ಮೇಲೆ ನಿಯಮ, ಎಲ್ಲರೂ ಪಾಲಿಸಬೇಕು ಎಂದರು. ಒಳ್ಳೆಯದು, ನಿಯಮದ ಮಾತೇ ಆಡೋಣ. ಕರ್ನಾಟಕ ಶಿಕ್ಷಣ ಕಾಯ್ದೆ 1983ರದು. ಅದರ ಅಡಿಯಲ್ಲಿ ಶಿಕ್ಷಣ ಸಂಸ್ಥೆಗಳ ವರ್ಗೀಕರಣ, ನಿಯಂತ್ರಣ ಮುಂತಾದವನ್ನು ಕುರಿತು 1995ರಲ್ಲಿ ನಿಯಮಗಳು ಬಂದವು. ಅವುಗಳಲ್ಲಿ 11ನೆಯ ನಿಯಮ ಸಮವಸ್ತ್ರದ ಮಾತನ್ನೂ ಆಡುತ್ತದೆ. ಶಾಲೆ ತನ್ನ ಸಮವಸ್ತ್ರವನ್ನು ಗೊತ್ತುಮಾಡಬಹುದು. ಒಮ್ಮೆ ಗೊತ್ತುಮಾಡಿದರೆ ಐದು ವರ್ಷ ಬದಲಿಸಕೂಡದು. ಬದಲಿಸುವುದಿದ್ದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಶಾಲೆ ಹೇಳಿದ ಅಂಗಡಿಯಲ್ಲಿ ಬಟ್ಟೆ ಕೊಳ್ಳುವುದು, ಶಾಲೆ ಹೇಳಿದ ದರ್ಜಿಯಲ್ಲಿ ಹೊಲಿಸುವುದು ವಿದ್ಯಾರ್ಥಿಯ ಅಥವಾ ಪೋಷಕರ ಇಷ್ಟಕ್ಕೆ ಬಿಟ್ಟದ್ದು, ಶಾಲೆ ಬಲವಂತ ಮಾಡುವಂತಿಲ್ಲ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ನಮ್ಮದು ಕೇಂದ್ರದ ಪಠ್ಯಕ್ರಮ, ರಾಜ್ಯದ ಮಾತು ನಮಗೆ ತಾಗದು ಎನ್ನುವವರೂ ಇದ್ದಾರೆ. ಸಿಬಿಎಸ್‌ಇ ಮಂಡಳಿ 2017ರ ಏಪ್ರಿಲಿನಲ್ಲಿ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿ, ಪುಸ್ತಕ, ಸಮವಸ್ತ್ರಗಳನ್ನು ಶಾಲೆಯಲ್ಲಿ ಅಥವಾ ಗೊತ್ತುಮಾಡಿದ ಅಂಗಡಿಯಲ್ಲೇ ಕೊಳ್ಳುವಂತೆ ಪೋಷಕರನ್ನು ಒತ್ತಾಯಿಸಬೇಡಿ ಎಂದು ಎಚ್ಚರಿಸಿತ್ತು. ಟೈ, ಬ್ಲೇಜರುಗಳನ್ನು ನಾವು ಯಾವ ದೇಶದಿಂದ ಎರವಲು ತಂದೆವೋ ಆ ಇಂಗ್ಲೆಂಡಿನಲ್ಲೇ 2021ರಲ್ಲಿ ಸಮವಸ್ತ್ರದ ಖರ್ಚಿಗೆ ಮೂಗುದಾರ ಹಾಕಲು ಕಾನೂನು ಮಾಡಿದರು. ಲಾಂಛನವಿರುವ ಉಡುಪು ಆದಷ್ಟು ಕಡಿಮೆ ಇರಲಿ ಎಂದು ಅಲ್ಲಿನ ಸರಕಾರ ಶಾಲೆಗಳಿಗೆ ಹೇಳಿತು. ಹಾಗಾದರೆ ಶಿಸ್ತು ಮೀರಿದವರು ಯಾರು? ಸ್ವೆಟರ್ ಹೆಣೆದ ತಾಯಿಯೋ, ಸುತ್ತೋಲೆ ಬರೆದವರೋ?

ಕಾನೂನಿನ ಮಾತು ಇಲ್ಲಿಗೆ ಸಾಕು. ನನಗೆ ಅದಕ್ಕಿಂತ ಹೆಚ್ಚು ನೋವು ತರುವ ಸಂಗತಿ ಬೇರೆ ಇದೆ. ಕಡ್ಡಿಯ ಹೆಣಿಗೆ ನಮ್ಮ ಅಜ್ಜಿಯ ಅಜ್ಜಿಯಿಂದ ಬಂದ ವಿದ್ಯೆಯಲ್ಲ. ಕಂಬಳಿ ನೇಯುವುದು ನಮ್ಮ ನೆಲದ್ದು. ಉಲ್ಲನ್ ಹೆಣಿಗೆಯಾದರೋ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ, ಕಸೂತಿಗಳ ಜೊತೆ ಪಾಠವಾಗಿ ಬಂದು, ಅಲ್ಲಿಂದ ಬೇರೆ ಶಾಲೆಗಳಿಗೂ ಮನೆಗಳಿಗೂ ಹರಡಿತು. ನಾನು ಕಲಿತದ್ದೂ ಕ್ರಾಫ್ಟ್ ಪಿರಿಯಡ್ಡಿನಲ್ಲಿ. ವಾರಕ್ಕೆ ಎರಡು ಪಿರಿಯಡ್, ಒಂದು ಹೊಲಿಗೆ, ಒಂದು ಹೆಣಿಗೆ. ಅಂದರೆ ಈ ವಿದ್ಯೆಯನ್ನು ಮನೆಯೊಳಕ್ಕೆ ತಂದದ್ದೇ ಶಾಲೆ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮಿನ ಮಾತು ಎತ್ತಿದಾಗ ಕೈಕಸುಬನ್ನೇ ಶಿಕ್ಷಣದ ನಡುಗಂಬ ಮಾಡಬೇಕೆಂದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ಬರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದು ಬರೆಯಿತು. ಕಾಗದದ ಮೇಲೆ ಕೈಕೆಲಸಕ್ಕೆ ಎಂದೂ ಬರವಿಲ್ಲ. ಆದರೆ ನಾನಿರುವ ಶಾಲೆಯಲ್ಲಿ ಹೊಲಿಗೆ ಟೀಚರ್ ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಖಾಸಗಿ ಶಾಲೆಗಳಲ್ಲಿ ಕ್ರಾಫ್ಟ್ ಎಂದರೆ ಅಂಗಡಿಯಿಂದ ಬಣ್ಣದ ಕಾಗದ ತಂದು ಅಂಟಿಸುವುದು, ಅದನ್ನೂ ರಾತ್ರಿ ಕೂತು ಮಾಡುವವರು ಅಪ್ಪ ಅಮ್ಮ. ಕೈಕೆಲಸದ ಪ್ರದರ್ಶನಕ್ಕೆ ಬಹುಮಾನ ಕೊಟ್ಟು ಫೋಟೋ ಹಾಕುವ ಶಾಲೆಯೇ, ಕೈಕೆಲಸ ಮಗುವಿನ ಮೈಮೇಲೆ ಬಂದರೆ ಗೇಟಿನಲ್ಲಿ ತಡೆಯುತ್ತದೆ.

ಇನ್ನು ನನ್ನ ಸ್ನೇಹಿತೆಯರ ಆಕ್ಷೇಪಕ್ಕೆ ಬರುತ್ತೇನೆ. ಅದಕ್ಕೆ ಹೆಚ್ಚು ತೂಕವಿದೆ. "ನೀನು ಹೆಂಗಸರ ತಲೆಗೆ ಇನ್ನೊಂದು ಹೊರೆ ಹೊರಿಸುತ್ತಿದ್ದೀಯ. ಕೆಲಸಕ್ಕೆ ಹೋಗಿ, ಅಡುಗೆ ಮಾಡಿ, ಈಗ ಸ್ವೆಟರನ್ನೂ ಹೆಣೆಯಬೇಕಾ?" ಎಂದು ಒಬ್ಬಾಕೆ ಸ್ಟಾಫ್ ರೂಮಿನಲ್ಲೇ ಕೇಳಿದಳು. ಇಲ್ಲ, ಹೆಣೆಯಬೇಕು ಎಂದು ನಾನು ಎಲ್ಲಿಯೂ ಹೇಳಿಲ್ಲ. ಸಮಯವಿಲ್ಲದವರು, ಮನಸ್ಸಿಲ್ಲದವರು ಧಾರಾಳವಾಗಿ ಕೊಳ್ಳಲಿ. ಕೊಂಡು ತೊಡಿಸಿದ ತಾಯಿಯ ಪ್ರೀತಿ ಒಂದು ಗುಲಗಂಜಿಯೂ ಕಡಿಮೆಯಲ್ಲ. ಹೆಣೆಯಬಲ್ಲವಳಿಗೆ ಹೆಣೆಯಬೇಡ ಎನ್ನುವ ಅಧಿಕಾರ ಶಾಲೆಗಿಲ್ಲ ಎಂಬುದಷ್ಟೇ ನನ್ನ ಮಾತು. ಮತ್ತೆ, ಇದು ಹೆಂಗಸರ ಕೆಲಸವೇ ಆಗಿರಬೇಕೆಂದು ಯಾರು ಬರೆದಿಟ್ಟರು? ಚಳ್ಳಕೆರೆಯ ಕಡೆ ಮಗ್ಗದ ಮುಂದೆ ಕೂತು ಕಂಬಳಿ ನೇಯ್ದವರು ಹೆಚ್ಚಾಗಿ ಗಂಡಸರೇ. ಕ್ರಾಫ್ಟ್ ಪಿರಿಯಡ್ಡಿನಲ್ಲಿ ಗಂಡುಹುಡುಗರನ್ನು ತೋಟಕ್ಕೆ ಕಳಿಸಿ ಹುಡುಗಿಯರ ಕೈಗೆ ಮಾತ್ರ ಕಡ್ಡಿ ಕೊಟ್ಟದ್ದು ಶಾಲೆಯದೇ ತಪ್ಪು. ತಿದ್ದಬೇಕಾದದ್ದೂ ಶಾಲೆಯೇ.

ತಾಯಿಯಿಲ್ಲದ ಮಗು ಏನು ಮಾಡಬೇಕು ಎಂದೂ ಕೇಳಿದರು. ಪಕ್ಕದವನ ಮೈಮೇಲೆ ಅಮ್ಮ ಹೆಣೆದ ಸ್ವೆಟರ್ ಕಂಡು ಅದರ ಮನಸ್ಸು ನೋಯುವುದಿಲ್ಲವೇ? ನೋಯಬಹುದು. ಈ ಪ್ರಶ್ನೆಯನ್ನು ನಗೆಮಾತಿನಲ್ಲಿ ತೇಲಿಸಲು ನನಗೆ ಮನಸ್ಸಿಲ್ಲ. ಆದರೆ ಬುತ್ತಿಯ ಡಬ್ಬಿ ತೆರೆದಾಗಲೂ, ಪೋಷಕರ ಸಭೆಯ ದಿನವೂ, ಜ್ವರ ಬಂದ ದಿನವೂ ಆ ಮಗುವಿಗೆ ಅದೇ ನೋವು. ಅದಕ್ಕೆ ಮದ್ದು ತರಗತಿಯ ಟೀಚರಿನ ಮನಸ್ಸಿನಲ್ಲಿರಬೇಕು, ಎಲ್ಲರ ತಾಯಿಯ ಕೈಕೆಲಸವನ್ನೂ ಮುಚ್ಚಿಡುವುದರಲ್ಲಿ ಇಲ್ಲ. ನನ್ನ ತರಗತಿಯಲ್ಲಿ ಅಂಥ ಹುಡುಗಿಯೊಬ್ಬಳಿದ್ದಳು. ಅವಳಿಗೆ ಸಹಪಾಠಿಯ ತಾಯಿಯೇ ಒಂದು ಹೆಣೆದುಕೊಟ್ಟರು. ಹೆಣಿಗೆ ಬಲ್ಲವರು ಊರಲ್ಲಿದ್ದರೆ ಇಂಥದ್ದು ಸಾಧ್ಯ.

ಹಾಗಾದರೆ ಶಾಲೆಗಳು ಮಾಡಬೇಕಾದ್ದೇನು? ನಾನು ಕೇಳುವುದು ಬಹಳವಿಲ್ಲ. ಸ್ವೆಟರಿನ ಬಣ್ಣ, ಕುತ್ತಿಗೆಯ ಆಕಾರ, ತೋಳಿನ ಉದ್ದ ಇವನ್ನು ಬರೆದು ತಿಳಿಸಿ, ಬಣ್ಣದ ಒಂದು ಗೇಣು ದಾರವನ್ನು ಶಾಲೆಯ ಕಚೇರಿಯಲ್ಲಿ ಮಾದರಿಗೆ ಇಡಲಿ. ಲಾಂಛನ ಇಲ್ಲದೆ ಆಗದು ಎಂದಾದರೆ ಅದನ್ನು ಬಟ್ಟೆಯ ತುಂಡಿನ ಮೇಲೆ ಕಸೂತಿ ಮಾಡಿಸಿ ಅಸಲು ಬೆಲೆಗೆ ಕೊಡಲಿ, ಮನೆಯಲ್ಲಿ ಹೊಲಿದುಕೊಳ್ಳುತ್ತಾರೆ. ಸ್ವೆಟರ್ ಚಿಕ್ಕದಾದರೆ ಆ ತುಂಡನ್ನು ಬಿಚ್ಚಿ ಮುಂದಿನದಕ್ಕೆ ಹಾಕಿಕೊಳ್ಳಬಹುದು. ಮತ್ತೆ, ವಾರಕ್ಕೆ ಒಂದಾದರೂ ನಿಜವಾದ ಕೈಕೆಲಸದ ಪಿರಿಯಡ್ ಇರಲಿ, ಹುಡುಗರೂ ಹುಡುಗಿಯರೂ ಒಟ್ಟಿಗೆ ಕೂತು ಕಲಿಯಲಿ. ಕಲಿಸುವವರಿಲ್ಲ ಎನ್ನಬೇಡಿ. ಪೋಷಕರ ಸಭೆಯಲ್ಲಿ ಒಮ್ಮೆ ಕೇಳಿ ನೋಡಿ, ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತ ಎಷ್ಟು ಜನ ಕೈ ಎತ್ತುತ್ತಾರೆ ಎಂದು.

ಪೋಷಕರಿಗೂ ಒಂದು ಮಾತಿದೆ. ಸುತ್ತೋಲೆ ಬಂದಾಗ ಗೊಣಗಿ ಹಣ ಕಟ್ಟುವ ಮೊದಲು 1995ರ ನಿಯಮಗಳ 11ನೆಯ ನಿಯಮದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು, ನಾಲ್ಕು ಜನ ಒಟ್ಟಾಗಿ ಹೋಗಿ ಕೇಳಿ. ಒಬ್ಬರೇ ಹೋದರೆ ರಿಯಾಯಿತಿ ಸಿಗುತ್ತದೆ, ನಾಲ್ವರು ಹೋದರೆ ಆ ಸಾಲು ಹೋಗುತ್ತದೆ. ಮಗುವಿಗೆ ತೊಂದರೆ ಕೊಟ್ಟಾರು ಎಂಬ ಭಯ ನನಗೂ ಗೊತ್ತು. ಆ ಭಯವೇ ಆ ಸಾಲನ್ನು ಇಷ್ಟು ವರ್ಷ ಕಾಯ್ದುಕೊಂಡು ಬಂದಿರುವುದು.

ನನ್ನ ವೃತ್ತಿಯ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಕೊನೆಯದಾಗಿ ಹೇಳುವುದಿಷ್ಟು. ಆಡಳಿತ ಮಂಡಳಿ ಸುತ್ತೋಲೆ ಬರೆಯಬಹುದು, ಆದರೆ ಪ್ರಾರ್ಥನೆಯ ಸಾಲಿನಲ್ಲಿ ಮಗುವಿನ ಮೈಮೇಲಿಂದ ಸ್ವೆಟರ್ ಬಿಚ್ಚಿಸುವ ಕೈ ನಮ್ಮದು. ಆ ಕೆಲಸವನ್ನು ನಾವು ಮಾಡುವುದಿಲ್ಲ ಎಂದು ಹೇಳಲು ಯಾವ ಆದೇಶವೂ ಬೇಕಾಗಿಲ್ಲ. ಬರುವ ಜೂನಿನಲ್ಲಿ ಹಾಗೆ ಹೇಳೋಣ.